ಮೂರನೇ ಬಾಟಲಿ

ಶ್ಯಾಮಲಾಳ ಮೂಗಿಗೆ ಕಂಪನಿಯಲ್ಲಿ ಎಲ್ಲರೂ ಹೆದರುತ್ತಿದ್ದರು. ಪೀಣ್ಯದಲ್ಲಿ, ಮಾವು ಸೀಬೆಗಳ ತಿರುಳನ್ನು ಡಬ್ಬಕ್ಕೆ ತುಂಬಿ ಊರೂರಿಗೆ ಕಳಿಸುವ ಒಂದು ಸಣ್ಣ ಕಾರ್ಖಾನೆಯ ಲ್ಯಾಬಿನಲ್ಲಿ ಅವಳದು ಹದಿನಾಲ್ಕು ವರ್ಷದ ಕೆಲಸ. ಪ್ರತಿ ಬ್ಯಾಚಿನಿಂದ ಒಂದು ಚಮಚ ತಿರುಳು ತೆಗೆದು ಗಾಜಿನ ತಟ್ಟೆಗೆ ಹಾಕಬೇಕು, ಐದು ದಿನ ಕಾಯಬೇಕು, ಐದನೇ ದಿನ ತಟ್ಟೆಯನ್ನು ಬೆಳಕಿಗೆ ಹಿಡಿದು, ಮೂಸಿ, ಯೀಸ್ಟು, ಬೂಷ್ಟು ಹುಟ್ಟಿದೆಯೇ ನೋಡಿ ಪಾಸೋ ಫೇಲೋ ಬರೆಯಬೇಕು. ಪಾಸ್ ಎಂದು ಬರೆದ ದಿನ ಅವಳು ಅಲ್ಲಿದ್ದಾಳೆಂಬುದೇ ಯಾರಿಗೂ ನೆನಪಿರುತ್ತಿರಲಿಲ್ಲ. ಫೇಲ್ ಎಂದು ಬರೆದ ದಿನ ಮ್ಯಾನೇಜರ್ ಈಶಪ್ಪ ಬಾಗಿಲಲ್ಲಿ ಬಂದು ನಿಂತು, ಇನ್ನೊಂದು ಪ್ಲೇಟ್ ಹಾಕಿ ನೋಡೋಣ ಮೇಡಂ ಎನ್ನುತ್ತಿದ್ದ. ಇನ್ನೊಂದು ಹಾಕಿದರೂ ಅದೇ ಬರುತ್ತದೆ ಎಂದು ಇಬ್ಬರಿಗೂ ಗೊತ್ತು. ಆದರೂ ಕೇಳುವುದು ಅವನ ಕೆಲಸ, ಇಲ್ಲ ಎನ್ನುವುದು ಅವಳ ಕೆಲಸ. ನಲವತ್ತೊಂದನೇ ವಯಸ್ಸಿಗೆ ಅವಳಿಗೆ ಇಲ್ಲ ಎಂದು ಹೇಳಿ ಹೇಳಿಯೇ ಸಾಕಾಗಿಹೋಗಿತ್ತು.

ಅದಕ್ಕಿಂತ ಹೆಚ್ಚು ಸಾಕಾಗಿದ್ದು ದಾರಿ. ಅವಳ ಮನೆ ವರ್ತೂರಿನಲ್ಲಿ. ಬೆಂಗಳೂರಿನ ಈ ತುದಿಯಿಂದ ಆ ತುದಿಗೆ ಹೋಗುವುದೆಂದರೆ ಏನೆಂದು ಹೋಗುವವರಿಗೇ ಗೊತ್ತು. ಬೆಳಿಗ್ಗೆ ಐದೂಮುಕ್ಕಾಲಿನ ಬಸ್ಸು, ವೈಟ್‌ಫೀಲ್ಡಿನಲ್ಲಿ ಮೆಟ್ರೊ, ಮೆಜೆಸ್ಟಿಕ್ಕಿನಲ್ಲಿ ಇಳಿದು ಹಸಿರು ಗೆರೆಯ ಇನ್ನೊಂದು ಮೆಟ್ರೊ, ಕೊನೆಗೆ ಶೇರ್ ಆಟೊ. ಹೋಗಲು ಎರಡೂಕಾಲು ಗಂಟೆ, ಬರಲು ಎರಡೂವರೆ. ಬರುವಾಗ ಮೆಟ್ರೊದ ಕಂಬಕ್ಕೆ ಒರಗಿ ನಿಂತೇ ನಿದ್ದೆ ಮಾಡುವುದು ಅವಳಿಗೆ ರೂಢಿಯಾಗಿತ್ತು. ಕೆಲಸ ಬಿಟ್ಟುಬಿಡು ಎಂದು ಗಂಡ ಆಗಾಗ ಹೇಳುತ್ತಿದ್ದ. ಹಿಂದಿನ ಸಾಲಿನ ಹನ್ನೆರಡು ಬಾಡಿಗೆ ಮನೆಗಳ ನಲ್ಲಿ, ಮೋಟಾರು, ಜಗಳ ನೋಡಿಕೊಳ್ಳುವುದೇ ಅವನ ಉದ್ಯೋಗ, ಅದರಲ್ಲೇ ಅವನು ಆರಾಮಾಗಿದ್ದ. ಶ್ಯಾಮಲಾಳಿಗೆ ಬಿಡುವುದು ಬೇಕಿರಲಿಲ್ಲ. ಮನೆಗೆ ಹತ್ತಿರದಲ್ಲಿ ಅದೇ ಸೂಕ್ಷ್ಮದರ್ಶಕ, ಅದೇ ತಟ್ಟೆ ಇಟ್ಟುಕೊಂಡು, ಕೊಲ್ಲುವ ಬದಲು ಬೆಳೆಸುವ ಕೆಲಸ ಸಿಕ್ಕರೆ ಸಾಕಿತ್ತು.

ಅಂಥದ್ದೊಂದು ಕೆಲಸ ಹೋದ ವರ್ಷ ಕಣ್ಣಿಗೆ ಬಿತ್ತು. ವೈಟ್‌ಫೀಲ್ಡಿನ ಒಂದು ಪಬ್ಬಿನಲ್ಲಿ ಬಿಯರ್ ಮಾಡುವ ಮುರಳಿ ಎಂಬವನು, ಟ್ಯಾಂಕಿನ ಬಿಯರು ಯಾಕೋ ಹುಳಿಯಾಗುತ್ತಿದೆ ಎಂದು ಯಾರ ಮೂಲಕವೋ ಅವಳನ್ನು ಹುಡುಕಿಕೊಂಡು ಬಂದಿದ್ದ. ಅವಳು ಒಂದು ಭಾನುವಾರ ಹೋಗಿ, ಮೂಸಿ, ಒಂದು ಹನಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಮೂರನೇ ಟ್ಯಾಂಕಿನ ವಾಲ್ವಿನ ರಬ್ಬರು ಬದಲಿಸಿ ಎಂದು ಹೇಳಿ ಬಂದಳು. ರಬ್ಬರು ಬದಲಾಯಿತು, ಬಿಯರು ಸರಿಹೋಯಿತು. ಅಂದಿನಿಂದ ಅವಳು ಮುರಳಿಯ ಗುಂಪಿನಲ್ಲಿ ಒಬ್ಬಳಾದಳು. ಮನೆಯಲ್ಲೇ ಬಿಯರ್ ಮಾಡುವ ಹತ್ತು ಹನ್ನೆರಡು ಜನ, ಹೆಚ್ಚಿನವರು ಐಟಿಯವರು. ಮನೆಯಲ್ಲಿ ಹೀಗೆ ಮಾಡುವುದಕ್ಕೆ ಕಾನೂನು ಏನನ್ನುತ್ತದೆ ಎಂದು ಅವರಲ್ಲಿ ಯಾರೂ ಕೇಳಲು ಹೋಗಿರಲಿಲ್ಲ. ತಿಂಗಳಿಗೊಮ್ಮೆ ಪಬ್ಬಿನ ಮಹಡಿಯಲ್ಲಿ ಸೇರಿ ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಕುಡಿದು ಗಂಟೆಗಟ್ಟಲೆ ಮಾತಾಡುತ್ತಿದ್ದರು. ಶ್ಯಾಮಲಾ ಕುಡಿಯುತ್ತಿದ್ದದ್ದು ಎರಡು ಗುಟುಕು, ಮಾತು ಅದಕ್ಕಿಂತಲೂ ಕಡಿಮೆ.

ವರ್ಷಕ್ಕೊಮ್ಮೆ ಗುಂಪಿನವರ ಬಿಯರಿಗೆ ಅಂಕ ಕೊಡುವ ಪರೀಕ್ಷೆಗೆ ಈ ಸಲ ಮುರಳಿ ಇಟ್ಟ ವಿಷಯ ಸೇಜಾನ್. ಬೆಲ್ಜಿಯಂ ಕಡೆಯ ರೈತರು ಚಳಿಗಾಲದಲ್ಲಿ ಮಾಡಿಟ್ಟು, ಬೇಸಿಗೆಯಲ್ಲಿ ಕೂಲಿಯವರಿಗೆ ಹೊಲದಲ್ಲಿ ಕೊಡುತ್ತಿದ್ದ ಬಿಯರಂತೆ ಅದು. ಅದನ್ನು ಹುದುಗಿಸಲು ಒಂದೊಂದು ಹೊಲದ ಮನೆಗೂ ಅದರದೇ ಯೀಸ್ಟು. ಅಂಗಡಿಯ ಪೊಟ್ಟಣದ್ದಲ್ಲ, ಮರದ್ದು, ಗಾಳಿಯದ್ದು, ಆ ಜಾಗದ್ದು. ಶ್ಯಾಮಲಾ ಇದನ್ನು ಅತ್ತೆ ಪಿಳ್ಳಮ್ಮನಿಗೆ ಹೇಳಿದಾಗ ಆಕೆ, ನಾವು ಅಂಬಲಿ ಕೊಡ್ತಿದ್ವಿ, ಕುಡಿದು ಯಾರೂ ಮಲಗ್ತಿರಲಿಲ್ಲ ಎಂದು ಎದ್ದು ಹೋದರು.

ಮುರಳಿಯ ಮಾಲೀಕರು ಸರ್ಜಾಪುರದ ದಾರಿಯಲ್ಲಿ ದೊಡ್ಡ ಘಟಕ ತೆರೆಯುವವರಿದ್ದರು. ಅಲ್ಲೊಂದು ಯೀಸ್ಟ್ ಲ್ಯಾಬು, ಅದಕ್ಕೊಬ್ಬರು ಬೇಕು. ವರ್ತೂರಿನದೇ ಕಾಡು ಯೀಸ್ಟು ಹಿಡಿದು ಒಳ್ಳೆಯ ಸೇಜಾನ್ ಮಾಡಿ ತೋರಿಸಿದರೆ ಆ ಕುರ್ಚಿ ನಿಮ್ಮದು ಎಂದು ಮುರಳಿ ಶ್ಯಾಮಲಾಳಿಗೆ ನೇರವಾಗಿಯೇ ಹೇಳಿದ. ಮನೆಯಿಂದ ಸ್ಕೂಟಿಯಲ್ಲಿ ಹನ್ನೆರಡು ನಿಮಿಷ. ಆ ಹನ್ನೆರಡು ನಿಮಿಷವನ್ನು ಅವಳು ದಿನಾ ಮೆಟ್ರೊದಲ್ಲಿ ನಿಂತು ನೆನೆಸಿಕೊಳ್ಳತೊಡಗಿದಳು.

ಯೀಸ್ಟು ಹಿಡಿಯುವುದು ದೊಡ್ಡ ವಿದ್ಯೆಯಲ್ಲ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ತಿಳಿಯನ್ನು ಕುದಿಸಿ ಆರಿಸಿ, ಬಾಟಲಿಗೆ ಸುರಿದು, ಬಾಯಿಗೆ ತೆಳ್ಳನೆಯ ಬಟ್ಟೆ ಕಟ್ಟಿ ಹೊರಗಿಟ್ಟರೆ ಗಾಳಿಯಲ್ಲಿ ಇರುವುದು ತಾನೇ ಬಂದು ಬೀಳುತ್ತದೆ. ಶ್ಯಾಮಲಾ ಹಾರ್ಲಿಕ್ಸಿನ ಐದು ಗಾಜಿನ ಬಾಟಲಿ ತೊಳೆದು, ಮೇಲೆ ಒಂದರಿಂದ ಐದು ಎಂದು ಬರೆದಳು. ಒಂದನ್ನು ಸಪೋಟ ಮರಕ್ಕೆ, ಒಂದನ್ನು ನೇರಳೆಗೆ, ಮೂರನೆಯದನ್ನು ಹಿತ್ತಿಲಿನ ಮೂಲೆಯಲ್ಲಿ ಉಳಿದಿದ್ದ ಒಂದೇ ಒಂದು ಈಚಲು ಮರಕ್ಕೆ ಕಟ್ಟಿ, ಉಳಿದೆರಡನ್ನು ಮಹಡಿಯ ಮೇಲೆ ಮತ್ತು ಬಾವಿಕಟ್ಟೆಯ ಮೇಲೆ ಇಟ್ಟಳು. ಮಾರನೆಯ ಬೆಳಿಗ್ಗೆ ಐದನ್ನೂ ತಂದು ಅಡುಗೆಮನೆಯ ಕಪಾಟಿನಲ್ಲಿ ಇಡಹೋದಾಗ ಪಿಳ್ಳಮ್ಮ ಅಡ್ಡ ನಿಂತರು. ದೇವರ ಗೂಡು ಇರುವ ಕಡೆ ಹೆಂಡ ಇಡುವುದಕ್ಕೆ ತಾನು ಬದುಕಿರುವವರೆಗೆ ಬಿಡುವುದಿಲ್ಲ ಎಂದರು. ಶ್ಯಾಮಲಾ ವಾದಿಸಲಿಲ್ಲ, ಬಸ್ಸಿಗೆ ಹೊತ್ತಾಗಿತ್ತು. ಐದೂ ಬಾಟಲಿಗಳನ್ನು ಕೊಟ್ಟಿಗೆಯ ಅಟ್ಟದ ಮೇಲೆ ಸಾಲಾಗಿಟ್ಟು ಓಡಿದಳು.

ಆ ಮನೆಯಲ್ಲಿ ಹೊಲ ಹೋಗಿ ಇಪ್ಪತ್ತು ವರ್ಷವಾಗಿತ್ತು, ಹಸು ಮಾತ್ರ ಎರಡು ಉಳಿದಿದ್ದವು. ಹುಲ್ಲಿಗೆ ಜಾಗವಿಲ್ಲದ ಊರಿನಲ್ಲಿ ಹಸು ಸಾಕುವುದು ಪಿಳ್ಳಮ್ಮನ ಹಟ. ಆ ಹಟಕ್ಕೆ ಮೇವು ಬರುತ್ತಿದ್ದದ್ದು ಮುರಳಿಯ ಪಬ್ಬಿನಿಂದಲೇ. ಬಿಯರಿಗೆ ಬೇಯಿಸಿ ಹಿಂಡಿದ ಬಾರ್ಲಿ ಬೂಸಾವನ್ನು, ಹಿಂದಿನ ಸಾಲಿನಲ್ಲಿ ಬಾಡಿಗೆಗಿದ್ದ ಕೊಪ್ಪಳದ ಕೊಟ್ರಪ್ಪ ವಾರಕ್ಕೆ ಮೂರು ಸಲ ನೀಲಿ ಡ್ರಮ್ಮಿನಲ್ಲಿ ತಂದು ಕೊಟ್ಟಿಗೆಯಲ್ಲಿ ಇಳಿಸುತ್ತಿದ್ದ. ಪಬ್ಬಿನಲ್ಲಿ ಟ್ಯಾಂಕು ತೊಳೆಯುವವನು ಅವನೇ. ಡ್ರಮ್ಮಿನ ಸುತ್ತ ಸದಾ ಸಣ್ಣ ನೊಣಗಳ ಹಿಂಡು. ಇದನ್ನೆಲ್ಲ ಶ್ಯಾಮಲಾ ಎಂಟು ವರ್ಷದಿಂದ ನೋಡುತ್ತಿದ್ದಳು. ದಿನಾ ನೋಡುವುದು ಕಣ್ಣಿಗೆ ಕಾಣುವುದಿಲ್ಲ ಎಂಬುದು ಲ್ಯಾಬಿನವರಿಗೂ ತಪ್ಪಿದ್ದಲ್ಲ.

ಐದನೇ ದಿನ ಅವಳು ಅಟ್ಟ ಹತ್ತಿದಳು. ಒಂದನೇ ಬಾಟಲಿ ಹುಳಿ ನಾರುತ್ತಿತ್ತು. ಎರಡನೆಯದರ ಮೇಲೆ ಹಸಿರು ಬೂಷ್ಟು. ನಾಲ್ಕು, ಐದು ಒದ್ದೆ ಕಂಬಳಿಯ ವಾಸನೆ ಹೊಡೆಯುತ್ತ ಸಪ್ಪಗೆ ಕೂತಿದ್ದವು. ಈಚಲು ಮರದ ಮೂರನೆಯದು ಮಾತ್ರ ಬುಸುಬುಸು ನೊರೆ ಕಟ್ಟಿ, ಬಟ್ಟೆಯನ್ನು ಒಂದು ಕಡೆ ಸರಿಸಿಕೊಂಡಿತ್ತು. ಮೂಸಿದರೆ ಲವಂಗ, ಮೆಣಸು, ಹಿಂದೆ ಎಲ್ಲೋ ಸೀಬೆಹಣ್ಣು. ನೊರೆಯಲ್ಲಿ ಎರಡು ನೊಣ ಸತ್ತು ಬಿದ್ದಿದ್ದವು. ಕಾಡು ಯೀಸ್ಟು ಬರುವುದೇ ನೊಣದ ಕಾಲಲ್ಲಿ ತಾನೇ ಎಂದುಕೊಂಡು ಅವನ್ನು ಚಮಚದಲ್ಲಿ ಎತ್ತಿ ಬಿಸಾಡಿದಳು. ಉಳಿದ ನಾಲ್ಕನ್ನೂ ಇನ್ನೊಂದು ತಿಂಗಳು ಬಿಟ್ಟು ನೋಡಬೇಕು ಎಂದು ಗುಂಪಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಆದರೆ ಹದಿನಾಲ್ಕು ವರ್ಷ ಐದನೇ ದಿನ ತೀರ್ಪು ಬರೆದ ಕೈ ಅದು. ನಾಲ್ಕನ್ನೂ ಚೆಲ್ಲಿಬಿಡಿ ಅತ್ತೆ ಎಂದು ಹೇಳಿ ಮೂರನೆಯದನ್ನು ಎದೆಗವಚಿಕೊಂಡು ಇಳಿದಳು.

ಹಬ್ಬಕ್ಕೆ ಪಾಯಸ ಕಾಯಿಸುತ್ತಿದ್ದ ದೊಡ್ಡ ಪಾತ್ರೆಯಲ್ಲಿ, ಹಿತ್ತಿಲಿನ ಒಲೆಯ ಮೇಲೆ ಬಿಯರ್ ಕುದಿಯಿತು. ಬಾರ್ಲಿಯ ಜೊತೆ ಒಂದಿಷ್ಟು ಮೊಳಕೆ ರಾಗಿ ಹಾಕಿದಳು. ರಾಗಿ ಮೊಳಕೆ ಬರಿಸಿಕೊಟ್ಟದ್ದು ಪಿಳ್ಳಮ್ಮನೇ, ಯಾತಕ್ಕೆಂದು ಕೇಳದೆ. ಆರಿದ ಮೇಲೆ ಮೂರನೇ ಬಾಟಲಿಯ ಯೀಸ್ಟನ್ನು ಅದಕ್ಕೆ ಸುರಿದಳು. ಮೂರು ವಾರಕ್ಕೆ ನೊರೆ ಇಳಿಯಿತು, ಬಾಟಲಿಗೆ ತುಂಬಿ ಇನ್ನೆರಡು ವಾರ ಇಟ್ಟಳು. ಮೊದಲ ಬಾಟಲಿ ತೆರೆದ ಭಾನುವಾರ ಅವಳು ಒಬ್ಬಳೇ ಹಿತ್ತಿಲಿನ ಕಲ್ಲಿನ ಮೇಲೆ ಕೂತಿದ್ದಳು. ಒಣಹುಲ್ಲಿನ ಬಣ್ಣ, ಬಿಳಿ ನೊರೆ, ಬಾಯಿಗೆ ಬಿದ್ದರೆ ಚುರುಕು, ಕೊನೆಗೆ ಎಳ್ಳಷ್ಟೂ ಸಿಹಿ ಉಳಿಸದೆ ಒಣಗಿಹೋಗುವ ರುಚಿ. ಅವಳು ಕಣ್ಣು ಮುಚ್ಚಿ ಇನ್ನೊಂದು ಗುಟುಕು ಕುಡಿದಳು. ತನ್ನ ಕೈಯಿಂದ ಪಾಸಾಗುವಂಥದ್ದು ಒಂದು ಹುಟ್ಟಿತಲ್ಲ ಎಂದು ಅಳು ಬಂದಂತಾಯಿತು. ಸುಸ್ತಿಗೆ ಹಾಗಾಗುತ್ತದೆ.

ಪರೀಕ್ಷೆಗೆ ಒಂದು ವಾರ ಇರುವಾಗ, ಹಾಲು ಕರೆದು ಬಂದ ಅತ್ತೆಗೆ ಲೋಟದಲ್ಲಿ ಒಂದು ಗುಟುಕು ಕೊಟ್ಟಳು. ಪಿಳ್ಳಮ್ಮ ವಯಸ್ಸಿನಲ್ಲಿ ಈಚಲು ಹೆಂಡ ಕಂಡವರೇ, ದೇವರ ಗೂಡಿನ ಮುಂದೆ ಮಾತ್ರ ಬೇಡವೆನ್ನುವವರು. ಬಾಯಿಗಿಡುವ ಮೊದಲು ಮೂಸಿದರು. ಮತ್ತೊಮ್ಮೆ ಮೂಸಿದರು.

“ಇದು ನಮ್ಮ ಅಸೀನ ಡ್ರಮ್ ವಾಸ್ನೆ ಅಲ್ವೇನಮ್ಮ,” ಎಂದರು.

ಶ್ಯಾಮಲಾ ನಕ್ಕುಬಿಟ್ಟಳು. ಬಾರ್ಲಿ ತಾನೇ ಅತ್ತೆ, ಎರಡೂ ಒಂದೇ ಥರ ಇರುತ್ತದೆ ಎಂದಳು. ಪಿಳ್ಳಮ್ಮ ತಲೆಯಾಡಿಸಿದರು. ಬೂಸಾದ ವಾಸನೆ ಅಲ್ಲ, ಸೋಮವಾರ ಸೋಮವಾರ ಕೊಟ್ರಪ್ಪ ಮೇಲೆ ಸುರಿದು ತರುತ್ತಾನಲ್ಲ, ಆ ಬಿಳಿ ಮಡ್ಡಿಯದ್ದು, ಬಿಸಿಲೇರಿದ ಮೇಲೆ ಇದೇ ವಾಸನೆ ಬರುತ್ತದೆ ಎಂದರು. ಅದನ್ನು ದಿನಾ ಕೈಯಲ್ಲಿ ಕಲಸುವವರು ಅವರು. ಶ್ಯಾಮಲಾಳ ನಗು ಅಲ್ಲಿಗೆ ನಿಂತಿತು.

ಕೊಟ್ರಪ್ಪನನ್ನು ಕೇಳಿದಾಗ ಅವನು ಇದರಲ್ಲಿ ಏನು ತಪ್ಪಿದೆ ಎಂಬಂತೆ ನೋಡಿದ. ಟ್ಯಾಂಕಿನ ತಳದಲ್ಲಿ ಉಳಿಯುವ ಯೀಸ್ಟಿನ ಮಡ್ಡಿಯನ್ನು ಮೋರಿಗೆ ಬಿಡುವ ಬದಲು ಬೂಸಾದ ಮೇಲೆ ಸುರಿಯುತ್ತಾನೆ, ಹಸು ಚೆನ್ನಾಗಿ ಹಾಲು ಕೊಡುತ್ತದೆ. ಚಳಿಗಾಲದಿಂದ ಟ್ಯಾಂಕಿನಲ್ಲಿ ಇರುವುದು ಮುರಳಿ ಸಾಹೇಬರ ಸೇಜಾನೇ. ಅದರ ಯೀಸ್ಟು ಬೆಲ್ಜಿಯಮ್ಮಿನಿಂದ ಪೊಟ್ಟಣದಲ್ಲಿ ಬರುತ್ತದೆ.

ಮಾರನೆಯ ದಿನ ಶ್ಯಾಮಲಾ ತನ್ನ ಬಿಯರಿನ ತಳದ್ದನ್ನು ಒಂದು ಡಬ್ಬಿಯಲ್ಲಿ, ಡ್ರಮ್ಮಿನ ಮಡ್ಡಿಯನ್ನು ಇನ್ನೊಂದು ಡಬ್ಬಿಯಲ್ಲಿ ಹಾಕಿಕೊಂಡು ಹೊರಟಳು. ಮೆಟ್ರೊದಲ್ಲಿ ಚೀಲ ತಪಾಸಣೆ ಮಾಡುವ ಹೆಂಗಸು ಮುಚ್ಚಳ ತೆರೆದು ಮೂಗು ಮುರಿದಾಗ, ದೋಸೆ ಹಿಟ್ಟು ಎಂದಳು. ಹುಳಿ ಜಾಸ್ತಿಯಾಗಿದೆ ಅಕ್ಕ ಎಂದು ಆಕೆ ಮುಚ್ಚಿ ಕೊಟ್ಟಳು. ಪೀಣ್ಯದ ಲ್ಯಾಬಿನಲ್ಲಿ ಎರಡನ್ನೂ ಅಕ್ಕಪಕ್ಕದ ತಟ್ಟೆಗೆ ಹಾಕಿ, ಐದು ದಿನ, ಹೋಗುವಾಗ ಬರುವಾಗ ಅದನ್ನೇ ಯೋಚಿಸುತ್ತ ಕಾದಳು. ಬೇರೆ ಬೇರೆ ಬರಲಿ ಎಂದು ದೇವರನ್ನು ಬೇಡಿಕೊಂಡಳು. ಕಾರ್ಖಾನೆಯ ತಟ್ಟೆಗಳ ವಿಷಯಕ್ಕೆ ಅವಳು ಯಾವತ್ತೂ ದೇವರನ್ನು ತಂದವಳಲ್ಲ.

ಐದನೇ ದಿನ ಎರಡೂ ತಟ್ಟೆಯಲ್ಲಿ ಅದೇ ಕೆನೆ ಬಣ್ಣ, ಅದೇ ಅಂಚು, ಸೂಕ್ಷ್ಮದರ್ಶಕದಡಿ ಅದೇ ಉದ್ದನೆಯ ಕಣ. ತಿನ್ನಲು ಕೊಟ್ಟ ಸಕ್ಕರೆಗಳಲ್ಲಿ ಇದು ತಿಂದದ್ದನ್ನೇ ಅದೂ ತಿಂದಿತ್ತು, ಬಿಟ್ಟದ್ದನ್ನೇ ಬಿಟ್ಟಿತ್ತು. ಕೋರ್ಟಿಗೆ ಇಷ್ಟು ಸಾಲದಿರಬಹುದು, ಅವಳಿಗೆ ಸಾಕಾಯಿತು. ಈಚಲು ಮರಕ್ಕೂ ಅವಳ ಬಿಯರಿಗೂ ಸಂಬಂಧವೇ ಇರಲಿಲ್ಲ. ಕೊಟ್ಟಿಗೆಯ ನೊಣವೊಂದು ಡ್ರಮ್ಮಿನಿಂದ ಎದ್ದು, ಬಟ್ಟೆ ಸರಿದ ಬಾಟಲಿಗೆ ಬಿದ್ದಿತ್ತು, ಅಷ್ಟೇ. ಆ ಹೊತ್ತಿಗೆ ಈಶಪ್ಪ ಬಾಗಿಲಲ್ಲಿ ಬಂದು ನಿಂತ. ನಿನ್ನೆಯ ಸೀಬೆ ತಿರುಳಿಗೆ ಇನ್ನೊಂದು ಪ್ಲೇಟ್ ಹಾಕಿ ನೋಡೋಣವೇ ಎಂದ. ಶ್ಯಾಮಲಾ ತನ್ನ ಎರಡು ತಟ್ಟೆಗಳನ್ನು ನೋಡುತ್ತಲೇ, ಹಾಕಿದರೂ ಇದೇ ಬರುತ್ತೆ ಸಾರ್ ಎಂದಳು. ಈಶಪ್ಪ ಅವಳ ಮುಖ ನೋಡಿ ಹೊರಟುಹೋದ.

ಆದರೂ ಭಾನುವಾರ ಅವಳು ನಾಲ್ಕು ಬಾಟಲಿ ಹಿಡಿದು ಪಬ್ಬಿನ ಮಹಡಿಗೆ ಹೋದಳು. ಎಲ್ಲೋ ಒಂದು ಮೂಲೆಯಲ್ಲಿ, ಬಿಯರು ಸೋತುಬಿಟ್ಟರೆ ಬಾಯಿ ಬಿಡುವ ಕಷ್ಟವೇ ಇರುವುದಿಲ್ಲ ಎಂಬ ಆಸೆಯಿತ್ತು.

ಬಿಯರು ಸೋಲಲಿಲ್ಲ. ಮುರಳಿ ಮತ್ತು ಹೊರಗಿನಿಂದ ಬಂದ ಇಬ್ಬರು ತೀರ್ಪುಗಾರರು ಮೇಜಿನ ಆ ಬದಿ ಕೂತರು. ಹೆಸರಿಲ್ಲದ ಒಂಬತ್ತು ಲೋಟಗಳು, ಬರಿಯ ನಂಬರು. ಒಂದೊಂದನ್ನೂ ಬೆಳಕಿಗೆ ಹಿಡಿದರು, ಮೂಸಿದರು, ಗುಟುಕರಿಸಿ ಬಾಯಲ್ಲಿ ಆಡಿಸಿ ಐವತ್ತಕ್ಕೆ ಅಂಕ ಬರೆದರು. ಕಾಡು ಯೀಸ್ಟು ಎಂದು ತಂದವುಗಳಲ್ಲಿ ಒಂದು ಹಳೆಯ ಚಪ್ಪಲಿಯಂತಿತ್ತು, ಒಂದು ಬರೀ ಹುಳಿ. ಆರನೇ ಲೋಟಕ್ಕೆ ಬಂದಾಗ ಮೂವರ ಪೆನ್ನೂ ಸ್ವಲ್ಪ ಹೊತ್ತು ನಿಂತಿತು. ಮೆಣಸಿನ ಪರಿಮಳ, ಶುಚಿಯಾದ ಕೊನೆ, ಕಾಡಿನದಾಗಿ ಇಷ್ಟು ಶಿಸ್ತು ಎಲ್ಲಿಂದ ಬಂತು ಎಂದು ಹೊರಗಿನವರೊಬ್ಬರು ಆಶ್ಚರ್ಯಪಟ್ಟರು. ನಾನೇ ಮಾಡಿದ ಹಾಗಿದೆ ಎಂದ ಮುರಳಿ, ಹೊಗಳಿಕೆಯಾಗಿ. ಶ್ಯಾಮಲಾ ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿದಳು. ಆರನೇ ನಂಬರಿಗೆ ನಲವತ್ತೊಂದು ಬಂತು, ಎಲ್ಲಕ್ಕಿಂತ ಮೇಲೆ. ಮುರಳಿ ಎದ್ದು ನಿಂತು, ವರ್ತೂರಿನ ಈಚಲು ಮರದ ಯೀಸ್ಟು, ನಮ್ಮ ಶ್ಯಾಮಲಾ ಮೇಡಂ ಎಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು.

ಅವಳು ಅವನನ್ನು ಮೆಟ್ಟಿಲ ಬಳಿಗೆ ಕರೆದುಕೊಂಡು ಹೋಗಿ ಎಲ್ಲವನ್ನೂ ಹೇಳಿದಳು. ಡ್ರಮ್ಮು, ಮಡ್ಡಿ, ನೊಣ, ಎರಡು ತಟ್ಟೆ. ಮುರಳಿ ಕೇಳುತ್ತ ಕೇಳುತ್ತ ಮೆಟ್ಟಿಲ ಮೇಲೆ ಕೂತುಬಿಟ್ಟ. ಅವನೂ ದಣಿದವನೇ, ಬೆಳಿಗ್ಗೆ ಆರರಿಂದ ಟ್ಯಾಂಕಿನ ಮುಂದೆ ನಿಂತವನು. ಕೊನೆಗೆ ನಕ್ಕ, ಅದರಲ್ಲಿ ಕೆಟ್ಟತನವೇನೂ ಇರಲಿಲ್ಲ.

“ಇದು ಯಾರಿಗೆ ಗೊತ್ತಾಗತ್ತೆ ಮೇಡಂ? ನಿಮ್ಗೆ, ನಂಗೆ, ನಿಮ್ಮತ್ತೆಗೆ. ಬಿಯರ್ ಚೆನ್ನಾಗಿದೆ, ಮಾಡಿದ್ದು ನೀವೇ, ಕೆಲಸಕ್ಕೆ ನೀವೇ ಬೇಕು. ಓನರ್ಸ್‌ಗೆ ಈಚಲು ಮರ ಅಂತ ಒಂದು ಹಾಳೆ ಬೇಕು ಅಷ್ಟೇ. ಒಂದು ಸೈನ್ ಹಾಕ್ಬಿಡಿ.”

ಅವನು ಜೇಬಿನಿಂದ ಹಾಳೆ ತೆಗೆದ. ಬಿಯರಿನ ಹೆಸರು, ದಿನಾಂಕ, ಯೀಸ್ಟಿನ ಮೂಲ, ಪರೀಕ್ಷಿಸಿದವರ ಸಹಿ. ಅವಳು ಅದನ್ನು ಗೋಡೆಗೆ ಒತ್ತಿ ಹಿಡಿದಳು. ಸತ್ಯ, ಸುಳ್ಳು ಎಂಬಂಥ ದೊಡ್ಡ ಮಾತುಗಳೇನೂ ತಲೆಗೆ ಬರಲಿಲ್ಲ. ಬಂದದ್ದು ಹನ್ನೆರಡು ನಿಮಿಷ. ಬೆಳಗಾದ ಮೇಲೆ ಏಳುವುದು, ಕೂತು ತಿಂಡಿ ತಿನ್ನುವುದು, ಬೆಳಕಿರುವಾಗ ಮನೆ ಸೇರುವುದು. ಅವಳಿಗೆ ಅದು ಬೇಕಾಗಿತ್ತು. ಆದರೆ ಹೊಸ ಲ್ಯಾಬಿಗೆ ಹೋದರೆ ಮೊದಲ ದಿನದಿಂದಲೇ ಪ್ರತಿ ತಟ್ಟೆಯ ಮುಂದೆ ಈ ಹಾಳೆ ಇರುತ್ತದೆ. ಇನ್ನೊಂದು ಪ್ಲೇಟ್ ಹಾಕಿ ನೋಡೋಣ ಎಂದು ಯಾರಾದರೂ ಬಾಗಿಲಲ್ಲಿ ಬಂದು ನಿಂತರೆ ಇಲ್ಲ ಎನ್ನಲು ಬಾಯಿ ಇರುವುದಿಲ್ಲ. ಇಷ್ಟು ವರ್ಷ ಆ ದಾರಿಯುದ್ದಕ್ಕೂ ಅವಳು ಹೊತ್ತುಕೊಂಡು ಹೋದದ್ದು ಆ ಒಂದು ಬಾಯಿಯನ್ನೇ.

ಯೀಸ್ಟಿನ ಮೂಲ ಎಂಬಲ್ಲಿ, ಪಿಳ್ಳಮ್ಮನವರ ಹಸುವಿನ ಡ್ರಮ್ಮು, ವರ್ತೂರು ಎಂದು ದುಂಡಗೆ ಬರೆದು ಸಹಿ ಹಾಕಿದಳು. ಮುರಳಿ ಓದಿದ. ಸೋಮವಾರದವರೆಗೆ ಯೋಚನೆ ಮಾಡಿ ಮೇಡಂ ಎಂದ. ಯೋಚನೆ ಮಾಡಿಯೇ ಬರೆದದ್ದು ಎಂದಳು. ಅವನು ಹಾಳೆಯನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡು ಮೇಲೆ ಹೋದ.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಪಿಳ್ಳಮ್ಮ ಹಿತ್ತಿಲಿನಲ್ಲಿ ಕೂತು ಹಿತ್ತಾಳೆಯ ಕೊಳಗ ತಿಕ್ಕುತ್ತಿದ್ದರು. ಏನಾಯಿತು ಎಂದು ಕೇಳಿದರು. ಶ್ಯಾಮಲಾ ಕಲ್ಲಿನ ಮೇಲೆ ಕೂತು, ಗೆದ್ದೆ ಅತ್ತೆ, ಕೆಲಸ ಮಾತ್ರ ಸಿಗಲ್ಲ ಎಂದು ನಡೆದದ್ದನ್ನು ಹೇಳಿದಳು. ಪಿಳ್ಳಮ್ಮನ ಕೈ ನಿಂತಿತು.

“ನಾನು ಬಾಯ್ ಮುಚ್ಕೊಂಡಿದ್ದಿದ್ರೆ ಆಗೋದು,” ಎಂದರು. “ಅದಕ್ಕಿಂತ ಮೊದ್ಲು, ಅವತ್ತು ಒಳಗಿಡಕ್ಕೆ ಬಿಟ್ಟಿದ್ದಿದ್ರೆ ಇಂಗಾಗ್ತಾನೇ ಇರ್ಲಿಲ್ಲ.”

ಅದು ನಿಜವೇ ಆಗಿತ್ತು. ಶ್ಯಾಮಲಾ ಅತ್ತೆಯ ಪಕ್ಕದಲ್ಲಿದ್ದ ಹಾರ್ಲಿಕ್ಸ್ ಬಾಟಲಿಯನ್ನು ನೋಡಿದಳು. ಅದರ ಮೇಲೆ ತನ್ನದೇ ಕೈಬರಹದಲ್ಲಿ ನಾಲ್ಕು ಎಂದಿತ್ತು. ಚೆಲ್ಲಲು ಹೇಳಿದ್ದನ್ನು ಪಿಳ್ಳಮ್ಮ ಚೆಲ್ಲಿರಲಿಲ್ಲ. ಬೂಷ್ಟು ಹಿಡಿದದ್ದೊಂದನ್ನು ಬಿಟ್ಟು ಉಳಿದದ್ದೆಲ್ಲ ಒಳ್ಳೆ ಹುಳಿಯಾಗಿದೆ, ಹುಣಸೆಹಣ್ಣು ಯಾಕೆ ದಂಡ ಎಂದು ಒಂದು ತಿಂಗಳಿಂದ ಹಿತ್ತಾಳೆ ಪಾತ್ರೆ ತಿಕ್ಕಲು ಬಳಸುತ್ತಿದ್ದರು. ಕೊಳಗ ಹೊಸದರಂತೆ ಹೊಳೆಯುತ್ತಿತ್ತು.

ಶ್ಯಾಮಲಾ ಬಾಟಲಿ ಎತ್ತಿ ಮೂಸಿದಳು. ಕಣ್ಣಲ್ಲಿ ನೀರು ಬರುವಷ್ಟು ಹುಳಿ. ಒಂದು ಹನಿ ನಾಲಿಗೆಗೆ ಹಚ್ಚಿಕೊಂಡಳು. ಐವತ್ತಕ್ಕೆ ಹತ್ತೂ ಬರುವುದಿಲ್ಲ ಎಂದುಕೊಂಡಳು. ಆದರೆ ಆ ಹುಳಿಯ ಕೆಳಗೆ, ಮಣ್ಣೋ ಹಳೆಯ ಮರವೋ, ಇಷ್ಟು ವರ್ಷದಲ್ಲಿ ಅವಳು ಯಾವ ತಟ್ಟೆಯಲ್ಲೂ ಮೂಸದ ಏನೋ ಒಂದಿತ್ತು.

ಸಂಜೆ ಅವಳು ಒಂದಿಷ್ಟು ಬಾರ್ಲಿ ತಿಳಿ ಕುದಿಸಿ ಆರಿಸಿ ಹೊಸ ಬಾಟಲಿಗೆ ಸುರಿದು, ನಾಲ್ಕನೆಯದರಿಂದ ಒಂದು ಚಮಚ ಹಾಕಿ, ಬಟ್ಟೆಯನ್ನು ಬಿಗಿಯಾಗಿ ಕಟ್ಟಿದಳು. ಇದರಿಂದ ಏನೂ ಆಗಲಿಕ್ಕಿಲ್ಲ, ಆದರೂ ಕೈ ಮಾಡಿತು. ಮೇಲೆ ದಿನಾಂಕ ಬರೆಯಲಿಲ್ಲ. ಅಟ್ಟಕ್ಕೆ ಇಡಲೆಂದು ಕೊಟ್ಟಿಗೆಯ ಕಡೆ ಹೊರಟಾಗ ಪಿಳ್ಳಮ್ಮ ಹಿಂದಿನಿಂದ ಬಂದು ಬಾಟಲಿಯನ್ನು ಕೈಯಿಂದ ತೆಗೆದುಕೊಂಡರು. ಒಳಗೆ ಹೋದರು. ಶ್ಯಾಮಲಾ ಬಾಗಿಲಲ್ಲಿ ನಿಂತು ನೋಡಿದಳು. ಅವರು ದೇವರ ಗೂಡಿನ ಪಕ್ಕದ ಕಪಾಟಿನಲ್ಲಿ, ಉಪ್ಪಿನಕಾಯಿ ಜಾಡಿಯನ್ನು ಆಚೆ ಸರಿಸಿ, ಆ ಜಾಗದಲ್ಲಿ ಬಾಟಲಿ ಇಟ್ಟರು.

“ಇಲ್ಲೇ ಇರ್ಲಿ,” ಎಂದರು. “ನೀನು ಓಗು, ಮಲ್ಕೋ. ಬೆಳಿಗ್ಗೆ ಬಸ್ಸಿಗೆ ಏಳ್ಬೇಕು.”